ಗಣಕ ಪ್ರಶ್ನೋತ್ತರ: ಹಳೆಯ ಪೈಥಾನೂ ಬೇಕು, ಹೊಸ ಜಾವಾನೂ ಬೇಕು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕಿನವು. ಒಂದು ಕಂಪ್ಯೂಟರಿನಲ್ಲಿ ಒಂದೇ ಪ್ರೋಗ್ರಾಮಿಂಗ್ ಭಾಷೆಯ ಎರಡು ಮೂರು ಆವೃತ್ತಿ ಬೇಕಾಗಿವೆ, ಒಂದನ್ನು ಹಾಕಿದರೆ ಇನ್ನೊಂದು ಕೆಡುತ್ತದೆ. ಕಮ್ಯಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಚುಕ್ಕೆ, ಅಡ್ಡಗೆರೆ, ನಡುವಿನ ಖಾಲಿ ಜಾಗ ಇಲ್ಲಿರುವಂತೆಯೇ ಇರಲಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ.

ಪ್ರಶ್ನೆ: ಸರ್, ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಇದೆ. ಪ್ರಾಜೆಕ್ಟ್ ಕೋಡಿಗೆ ಟೆನ್ಸರ್‌ಫ್ಲೋ (ಯಂತ್ರಕಲಿಕೆಯ ಪೈಥಾನ್ ಲೈಬ್ರರಿ) 2.15 ಬೇಕು. ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್‌ನಿಂದ ಹಾಕಲು ಹೋದರೆ ಅಂಥ ಆವೃತ್ತಿಯೇ ಇಲ್ಲ ಅನ್ನುತ್ತದೆ. ಒಂದು ವಿಡಿಯೊ ನೋಡಿ ಡೆಡ್‌ಸ್ನೇಕ್ಸ್ ಎಂಬ ಪಿಪಿಎಯಿಂದ (ಉಬುಂಟುವಿಗೆ ಹೊರಗಿನವರು ಇಟ್ಟ ಪ್ಯಾಕೇಜ್ ಭಂಡಾರ) ಪೈಥಾನ್ 3.11 ಹಾಕಿದೆ. ‘ಪೈಥಾನ್3’ ಎಂದು ಟೈಪ್ ಮಾಡಿದರೆ 3.11 ಬರಲಿ ಅಂತ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ ಬದಲಾಯಿಸಿದೆ. ಈಗ ಟರ್ಮಿನಲ್ಲೇ ತೆರೆಯುತ್ತಿಲ್ಲ. ಉಬುಂಟು ಮತ್ತೆ ಹಾಕಬೇಕಾ? ರಿವ್ಯೂ ಹತ್ತಿರ ಬಂತು.
— ಬಿಇ ಅಂತಿಮ ವರ್ಷದ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮತ್ತೆ ಹಾಕುವ ಅಗತ್ಯವಿಲ್ಲ. ನಿಮ್ಮ ಫೈಲುಗಳಿಗೂ ಏನೂ ಆಗಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆ ಬಂದು ಲಾಗಿನ್ ಕೇಳುತ್ತದೆ. ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಈ ಎರಡನ್ನು ಒಂದರ ಹಿಂದೊಂದು ಕೊಡಿ:

ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ರಿಮೂವ್-ಆಲ್ ಪೈಥಾನ್3
ಸುಡೊ ಎಲ್‌ಎನ್ -ಎಸ್ /ಯುಎಸ್‌ಆರ್/ಬಿನ್/ಪೈಥಾನ್3.12 /ಯುಎಸ್‌ಆರ್/ಬಿನ್/ಪೈಥಾನ್3

ಮೊದಲನೆಯದು ನೀವು ಮಾಡಿದ ಬದಲಾವಣೆಯ ಜೊತೆಗೆ ‘ಪೈಥಾನ್3’ ಎಂಬ ಕೊಂಡಿಯನ್ನೂ ಅಳಿಸುತ್ತದೆ. ಅದಕ್ಕೇ ಎರಡನೆಯದನ್ನು ಮರೆಯಬಾರದು. ‘ಪೈಥಾನ್3 --ವರ್ಷನ್’ ಕೊಟ್ಟು 3.12 ಎಂದು ಬಂದರೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಡೆಸ್ಕ್‌ಟಾಪಿಗೆ ಮರಳಿ. ಟರ್ಮಿನಲ್ ತೆರೆಯುತ್ತದೆ.

ಹೀಗಾಗಲು ಕಾರಣವಿದೆ. ಉಬುಂಟುವಿನ ಟರ್ಮಿನಲ್ಲನ್ನು ಶುರು ಮಾಡುವ ಫೈಲು, ಪಿಪಿಎ ಸೇರಿಸುವ ಆಡ್-ಆಪ್ಟ್-ರೆಪೊಸಿಟರಿ, ತಪ್ಪು ಕಮ್ಯಾಂಡ್ ಕೊಟ್ಟಾಗ ಸಲಹೆ ಕೊಡುವ ಪ್ರೋಗ್ರಾಮು, ಇವೆಲ್ಲ ಪೈಥಾನಿನಲ್ಲೇ ಬರೆದವು. ಇವು ಬಳಸುವ ಕೆಲವು ಲೈಬ್ರರಿಗಳು ಸಿ ಭಾಷೆಯಲ್ಲಿದ್ದು, 3.12ಕ್ಕೆಂದೇ ಕಂಪೈಲ್ ಆಗಿ ಬಂದಿರುತ್ತವೆ; ಫೈಲಿನ ಹೆಸರಿನಲ್ಲೇ ‘ಸಿಪೈಥಾನ್-312’ ಎಂದು ಕಾಣುತ್ತದೆ. ‘ಪೈಥಾನ್3’ ಎಂಬ ಹೆಸರಿನಲ್ಲಿ 3.11 ಬಂದು ಕೂತರೆ ಅದಕ್ಕೆ ಆ ಫೈಲುಗಳು ಕಾಣುವುದೇ ಇಲ್ಲ. ಉಬುಂಟುವಿನಲ್ಲಿ ಪ್ರೋಗ್ರಾಮುಗಳನ್ನು ಹಾಕುವ ಆಪ್ಟ್‌ಗೆ ಸಂಬಂಧಿಸಿದ ಕಡೆ ‘ಆಪ್ಟ್_ಪಿಕೆಜಿ ಮಾಡ್ಯೂಲ್ ಇಲ್ಲ’ ಎಂಬ ದೋಷ ಬರುವುದೂ ಇದರಿಂದಲೇ. ಓಎಸ್ ಜೊತೆಗೆ ಬಂದ ಪೈಥಾನ್ ಓಎಸ್‌ನದ್ದು. ಅದನ್ನು ಮುಟ್ಟದೆ, ನಿಮಗೆ ಬೇಕಾದ್ದನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಉಬುಂಟು 22.04ರಲ್ಲಿ 3.10, 24.04ರಲ್ಲಿ 3.12 ಹೀಗೆ ಓಎಸ್‌ನ ಸ್ವಂತ ಪೈಥಾನ್ ಆಗಿರುತ್ತದೆ.

ಇನ್ನು ಟೆನ್ಸರ್‌ಫ್ಲೋ ವಿಷಯ. 2.15ರ ಸಿದ್ಧ ಪ್ಯಾಕೇಜುಗಳು ಪೈಥಾನ್ 3.9, 3.10, 3.11ಕ್ಕೆ ಮಾತ್ರ ಇವೆ. 3.12ಕ್ಕೆ ಬೆಂಬಲ ಬಂದದ್ದು 2.16ರಲ್ಲಿ. ಹಾಗಾಗಿ ‘ಅಂಥ ಆವೃತ್ತಿ ಇಲ್ಲ’ ಎಂದಾಗ ಮೊದಲು ನೋಡಬೇಕಾದದ್ದು ನೆಟ್‌ವರ್ಕನ್ನಲ್ಲ, ಆ ಪ್ಯಾಕೇಜು ಯಾವ ಪೈಥಾನಿಗೆ ಬಂದಿದೆ ಎಂಬುದನ್ನು. ನೀವು 3.11 ಆರಿಸಿದ್ದು ಸರಿಯಾಗಿಯೇ ಇತ್ತು, ಅದನ್ನು ಕೂರಿಸಿದ ಜಾಗ ಮಾತ್ರ ತಪ್ಪು.

ಈಗ ಒಂದು ‘ವೆನ್ವ್’, ಅಂದರೆ ಈ ಪ್ರಾಜೆಕ್ಟಿಗೆಂದೇ ಬೇರೆಯಾದ ಪೈಥಾನ್ ಫೋಲ್ಡರು, ಹೀಗೆ ಮಾಡಿ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3.11-ವೆನ್ವ್’ ಕೊಡಿ. ಇದನ್ನು ಬಿಟ್ಟರೆ ಮುಂದಿನ ಹೆಜ್ಜೆಯಲ್ಲಿ ‘ಎನ್‌ಶ್ಯೂರ್‌ಪಿಪ್ ಇಲ್ಲ’ ಎಂದು ನಿಲ್ಲುತ್ತದೆ. ಆಮೇಲೆ ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ:

ಪೈಥಾನ್3.11 -ಎಂ ವೆನ್ವ್ .ವೆನ್ವ್
ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್
ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಟೆನ್ಸರ್‌ಫ್ಲೋ==2.15.0

ಆಕ್ಟಿವೇಟ್ ಆದ ಟರ್ಮಿನಲ್ಲಿನಲ್ಲಿ ‘ಪೈಥಾನ್’ ಎಂದರೆ 3.11. ಹೊರಗೆ ‘ಪೈಥಾನ್3’ ಎಂದರೆ 3.12. ಎರಡೂ ಒಂದರ ಗೊಡವೆಗೆ ಒಂದು ಹೋಗುವುದಿಲ್ಲ. ಬರೀ ‘ಪಿಪ್’ ಅನ್ನದೆ ‘ಪೈಥಾನ್ -ಎಂ ಪಿಪ್’ ಎಂದೇ ಬಳಸಿ. ಯಾವ ಪೈಥಾನಿಗೆ ಹಾಕುತ್ತಿದ್ದೀರಿ ಎಂಬುದರಲ್ಲಿ ಆಗ ಅನುಮಾನ ಉಳಿಯುವುದಿಲ್ಲ. ವೆನ್ವ್ ಹೊರಗೆ ಪಿಪ್ ಬಳಸಿದರೆ 24.04ರಲ್ಲಿ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್‌ವಿರಾನ್‌ಮೆಂಟ್’ ಎಂಬ ತಡೆ ಬರುತ್ತದೆ. ಅದನ್ನು ದಾಟಲು ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಸೇರಿಸಿ ಎಂದು ಹಲವು ವಿಡಿಯೊಗಳು ಹೇಳುತ್ತವೆ. ದಯವಿಟ್ಟು ಸೇರಿಸಬೇಡಿ. ಓಎಸ್‌ನ ಪೈಥಾನನ್ನು ಕಾಪಾಡಲೆಂದೇ ಆ ತಡೆ ಇಟ್ಟಿದ್ದಾರೆ.

ವಿಎಸ್ ಕೋಡ್ ಬಳಸುವವರಾದರೆ ಕಂಟ್ರೋಲ್, ಶಿಫ್ಟ್, ಪಿ ಒತ್ತಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ನಲ್ಲಿ .ವೆನ್ವ್ ಒಳಗಿನ ಪೈಥಾನನ್ನು ಆರಿಸಬೇಕು. ಟರ್ಮಿನಲ್ಲಿನಲ್ಲಿ ಓಡುವ ಕೋಡು ಎಡಿಟರಿನಲ್ಲಿ ಓಡದಿದ್ದರೆ ಬಹುಪಾಲು ಇದೇ ಕಾರಣ.

ಪ್ರಾಜೆಕ್ಟ್ ಒಪ್ಪಿಸುವಾಗ ಇನ್ನೊಂದು ತಪ್ಪು ಆಗುತ್ತದೆ. .ವೆನ್ವ್ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿ ಗೆಳೆಯರಿಗೆ, ಗೈಡಿಗೆ ಕೊಡುತ್ತಾರೆ. ಅದು ಬೇರೆ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಅದರೊಳಗಿನ ಫೈಲುಗಳಲ್ಲಿ ನಿಮ್ಮ ಫೋಲ್ಡರಿನ ಪೂರ್ತಿ ವಿಳಾಸ ಬರೆದಿರುತ್ತದೆ. ನಿಮ್ಮದೇ ಕಂಪ್ಯೂಟರಿನಲ್ಲಿ ಫೋಲ್ಡರಿನ ಹೆಸರು ಬದಲಿಸಿದರೂ ಕೆಡುತ್ತದೆ. ‘ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಟ್ಟು ಆ ಪಟ್ಟಿಯನ್ನು ಕೋಡಿನ ಜೊತೆ ಕೊಡಿ. ಪೈಥಾನ್ ಆವೃತ್ತಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದನ್ನು ರೀಡ್‌ಮಿ ಫೈಲಿನಲ್ಲಿ ನೀವೇ ಬರೆಯಬೇಕು.

ಪ್ರಶ್ನೆ: ವಿಂಡೋಸ್ 11ರಲ್ಲಿ ‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಪೈಥಾನ್ ಈಗಾಗಲೇ ಹಾಕಿದ್ದೇನೆ.
— ಡಿಪ್ಲೊಮಾ ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಶನ್ ಅಲಿಯಾಸಸ್’ ಎಂದು ಹುಡುಕಿ, ಅಲ್ಲಿ ಪೈಥಾನ್ ಹೆಸರಿನ ಎರಡು ಸ್ವಿಚ್ಚುಗಳನ್ನು ಆಫ್ ಮಾಡಿ. ಪೈಥಾನ್.ಆರ್ಗ್‌ನಿಂದ ಹಾಕಿದ್ದರೆ ಜೊತೆಗೆ ‘ಪೈ’ (ಪಿ, ವೈ ಎರಡಕ್ಷರ) ಎಂಬ ಪುಟ್ಟ ಲಾಂಚರ್ ಬಂದಿರುತ್ತದೆ. ‘ಪೈ --ಲಿಸ್ಟ್’ ಎಂದರೆ ಕಂಪ್ಯೂಟರಿನಲ್ಲಿರುವ ಎಲ್ಲ ಪೈಥಾನುಗಳನ್ನು ತೋರಿಸುತ್ತದೆ. ‘ಪೈ -3.11 -ಎಂ ವೆನ್ವ್ .ವೆನ್ವ್’ ಎಂದರೆ 3.11ರಲ್ಲೇ ವೆನ್ವ್ ಮಾಡುತ್ತದೆ. ವಿಂಡೋಸಿನಲ್ಲಿ ಹಲವು ಆವೃತ್ತಿ ಇಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಪಾತ್ (ಕಮ್ಯಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ತಿದ್ದುವ ಕೆಲಸವೇ ಬರುವುದಿಲ್ಲ. ಪವರ್‌ಶೆಲ್‌ನಲ್ಲಿ ಆಕ್ಟಿವೇಟ್ ಮಾಡುವಾಗ ‘ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ’ ಎಂದರೆ ‘ಸೆಟ್-ಎಕ್ಸಿಕ್ಯೂಶನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್’ ಒಮ್ಮೆ ಕೊಟ್ಟರೆ ಸಾಕು.

ಪ್ರಶ್ನೆ: ನಮ್ಮ ಎಣ್ಣೆ ಮಿಲ್ಲಿನ ಬಿಲ್ಲಿಂಗ್ ಪ್ರೋಗ್ರಾಮು ಜಾವಾದ್ದು, ಹಳೆಯದು. ಅದೇ ವಿಂಡೋಸ್ ಕಂಪ್ಯೂಟರಿನಲ್ಲಿ ಮಗಳು ಸ್ಪ್ರಿಂಗ್ ಬೂಟ್ (ಜಾವಾದ ಒಂದು ಚೌಕಟ್ಟು) ಕಲಿಯಲು ಜಾವಾ 17 ಹಾಕಿದಳು. ಅಂದಿನಿಂದ ಬಿಲ್ಲಿಂಗ್ ಐಕಾನ್ ಒತ್ತಿದರೆ ‘ಜಾವಾಎಕ್ಸ್/ಎಕ್ಸ್‌ಎಂಎಲ್/ಬೈಂಡ್’ ಸಿಗಲಿಲ್ಲ ಎಂದು ಮುಚ್ಚಿಕೊಳ್ಳುತ್ತದೆ. 17 ತೆಗೆದು 8 ಹಾಕಿದರೆ ಬಿಲ್ಲು ಬರುತ್ತದೆ, ಅವಳ ಪ್ರೋಗ್ರಾಮು ‘61.0, 52.0’ ಎಂದೇನೋ ಹೇಳಿ ನಿಲ್ಲುತ್ತದೆ. ಎರಡು ಕಂಪ್ಯೂಟರ್ ಬೇಕೇ ಬೇಕಾ?
— ಮಿಲ್ ಲೆಕ್ಕ ಬರೆಯುವವರು, ಚಳ್ಳಕೆರೆ

ಉತ್ತರ: ಒಂದೇ ಸಾಕು. ಜಾವಾದ ಎರಡು ಆವೃತ್ತಿ ಒಂದೇ ಕಂಪ್ಯೂಟರಿನಲ್ಲಿ ನೆಮ್ಮದಿಯಾಗಿ ಇರುತ್ತವೆ. ಯಾವುದನ್ನು ಯಾರು ಕರೆಯಬೇಕು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟರೆ ಆಯಿತು.

ಮೊದಲು ಆ ಸಂಖ್ಯೆಗಳು. ಕಂಪೈಲ್ ಆದ ಪ್ರತಿ ಜಾವಾ ಫೈಲಿನಲ್ಲೂ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ‘ಫೈಲು 61.0ರದ್ದು, ನನಗೆ 52.0ರವರೆಗೆ ಮಾತ್ರ ಓದಲು ಬರುತ್ತದೆ’ ಎಂದರೆ, 17ಕ್ಕೆಂದು ಮಾಡಿದ್ದನ್ನು 8ರ ಕೈಗೆ ಕೊಟ್ಟಿದ್ದೀರಿ ಎಂದರ್ಥ. ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ 17 ಬೇಕು, ಆದ್ದರಿಂದ ಮಗಳು ಹಾಕಿದ್ದರಲ್ಲಿ ತಪ್ಪಿಲ್ಲ. ಬಿಲ್ಲಿಂಗ್‌ನದ್ದು ಬೇರೆ ಕಥೆ. ಹೊಸ ಜಾವಾ ಹಳೆಯ ಫೈಲನ್ನು ಸಾಮಾನ್ಯವಾಗಿ ಓದುತ್ತದೆ, ಆದರೆ ಜಾವಾ 8ರಲ್ಲಿ ಒಳಗೇ ಇದ್ದ ಎಕ್ಸ್‌ಎಂಎಲ್ ಬೈಂಡಿಂಗ್ ಭಾಗವನ್ನು 11ರಲ್ಲಿ ತೆಗೆದುಹಾಕಿದರು. ನಿಮ್ಮ ಪ್ರೋಗ್ರಾಮು ಹುಡುಕುತ್ತಿರುವುದು ಅದನ್ನೇ.

ಮುಂದುವರಿಯುವ ಮೊದಲು ಬಿಲ್ಲಿಂಗ್ ಫೋಲ್ಡರನ್ನು, ಡೇಟಾಬೇಸ್ ಸಮೇತ, ಬೇರೆ ಡ್ರೈವಿಗೆ ಒಂದು ಪ್ರತಿ ಮಾಡಿಡಿ. ಎಕ್ಲಿಪ್ಸ್ ಟೆಮುರಿನ್‌ನ ಜಾವಾ 8 ಮತ್ತು 17 ಎರಡನ್ನೂ ಇನ್‌ಸ್ಟಾಲರ್ ಬದಲು ಜಿಪ್ ರೂಪದಲ್ಲಿ ಇಳಿಸಿಕೊಳ್ಳಿ, ಹಣ ಕೊಡಬೇಕಿಲ್ಲ. ಸಿ ಡ್ರೈವಿನಲ್ಲಿ ‘ಜಾವಾ’ ಎಂಬ ಫೋಲ್ಡರ್ ಮಾಡಿ ಅದರೊಳಗೆ ‘ಜೆಡಿಕೆ8’, ‘ಜೆಡಿಕೆ17’ ಎಂದು ಬಿಚ್ಚಿಡಿ. ನೋಟ್‌ಪ್ಯಾಡಿನಲ್ಲಿ ಎರಡು ಸಾಲು ಬರೆದು ಬಿಲ್ಲಿಂಗ್ ಫೋಲ್ಡರಿನಲ್ಲೇ ‘ಬಿಲ್ಲಿಂಗ್.ಬ್ಯಾಟ್’ ಎಂದು ಉಳಿಸಿ:

ಸಿಡಿ /ಡಿ "%~ಡಿಪಿ0"
"ಸಿ:\ಜಾವಾ\ಜೆಡಿಕೆ8\ಬಿನ್\ಜಾವಾ.ಇಎಕ್ಸ್‌ಇ" -ಜಾರ್ ಬಿಲ್ಲಿಂಗ್.ಜಾರ್

ಕೊನೆಯ ಹೆಸರು ನಿಮ್ಮ ಪ್ರೋಗ್ರಾಮಿನ ಜಾರ್ ಫೈಲಿನದ್ದಾಗಿರಲಿ. ಮೊದಲ ಸಾಲು ಯಾಕೆಂದರೆ, ಹಲವು ಹಳೆಯ ಪ್ರೋಗ್ರಾಮುಗಳು ಡೇಟಾ ಫೈಲನ್ನು ‘ಈಗಿರುವ ಫೋಲ್ಡರಿನಲ್ಲಿ’ ಹುಡುಕುತ್ತವೆ. ಡೆಸ್ಕ್‌ಟಾಪಿನ ಹಳೆಯ ಐಕಾನ್ ತೆಗೆದು ಈ ಬ್ಯಾಟ್ ಫೈಲಿನ ಶಾರ್ಟ್‌ಕಟ್ ಇಡಿ. ಹಳೆಯ ಐಕಾನ್ ನೇರವಾಗಿ ಜಾರ್ ಫೈಲಿನದ್ದಾಗಿದ್ದರೆ, ಅದನ್ನು ಒತ್ತಿದಾಗ ಜಾರ್ ಫೈಲುಗಳಿಗೆಂದು ವಿಂಡೋಸಿನಲ್ಲಿ ನಮೂದಾದ ಜಾವಾ ಓಡುತ್ತಿತ್ತು. ಹೊಸ ಇನ್‌ಸ್ಟಾಲರ್ ಆ ನಮೂದನ್ನು ತನ್ನ ಹೆಸರಿಗೆ ಬರೆದುಕೊಳ್ಳಬಲ್ಲದು. ಈಗ ಆ ಅವಲಂಬನೆ ತಪ್ಪಿತು.

ಮಗಳ ಕೆಲಸಕ್ಕೆ ಎನ್‌ವಿರಾನ್‌ಮೆಂಟ್ ವೇರಿಯಬಲ್ಸ್‌ನಲ್ಲಿ, ಸಿಸ್ಟಮ್ ಭಾಗದಲ್ಲಿ, ‘ಜಾವಾ_ಹೋಮ್’ ಎಂಬ ಹೆಸರಿಗೆ (ಪೂರ್ತಿ ದೊಡ್ಡಕ್ಷರ) ‘ಸಿ:\ಜಾವಾ\ಜೆಡಿಕೆ17’ ಕೊಟ್ಟು, ಪಾತ್‌ನ ತುದಿಯಲ್ಲಲ್ಲ, ತಲೆಯಲ್ಲಿ ‘%ಜಾವಾ_ಹೋಮ್%\ಬಿನ್’ ಸೇರಿಸಿ. ವಿಂಡೋಸು ಸಿಸ್ಟಮ್ ಪಾತನ್ನು ಮೊದಲು ನೋಡಿ, ಯೂಸರ್ ಪಾತನ್ನು ಆಮೇಲೆ ನೋಡುತ್ತದೆ. ಒರೇಕಲ್ ಇನ್‌ಸ್ಟಾಲರ್ ಬಳಸಿದ್ದರೆ ‘ಜಾವಾಪಾತ್’ ಎಂಬ ಫೋಲ್ಡರು ಮೇಲೆ ಕೂತಿರುತ್ತದೆ, ಅದನ್ನು ಕೆಳಗೆ ತಳ್ಳಿ. ಹೊಸ ಕಮ್ಯಾಂಡ್ ಪ್ರಾಂಪ್ಟ್ ತೆರೆದು ‘ವೇರ್ ಜಾವಾ’ (ವೇರ್ ಎಂದರೆ ಡಬ್ಲ್ಯು, ಎಚ್, ಇ, ಆರ್, ಇ) ಕೊಟ್ಟರೆ ಇರುವ ಜಾವಾಗಳೆಲ್ಲ ಸರದಿಯಂತೆ ಕಾಣುತ್ತವೆ, ಮೊದಲ ಸಾಲಿನದ್ದೇ ಓಡುವುದು. ಪವರ್‌ಶೆಲ್‌ನಲ್ಲಾದರೆ ‘ವೇರ್.ಇಎಕ್ಸ್‌ಇ ಜಾವಾ’ ಎನ್ನಬೇಕು. ಜಾವಾ ಪ್ರಾಜೆಕ್ಟುಗಳನ್ನು ಕಟ್ಟುವ ಮೇವನ್ ನೋಡುವುದು ಪಾತನ್ನಲ್ಲ, ಜಾವಾ_ಹೋಮನ್ನು. ‘ಎಂವಿಎನ್ -ವರ್ಷನ್’ ಕೊಟ್ಟು ಅಲ್ಲೂ 17 ಬರುತ್ತಿದೆಯೇ ನೋಡಲು ಹೇಳಿ.

ಪ್ರಶ್ನೆ: ಕಾಲೇಜು ಲ್ಯಾಬಿನಲ್ಲಿ 30 ಉಬುಂಟು ಯಂತ್ರಗಳಿವೆ, ಇಂಟರ್ನೆಟ್ ನಿಧಾನ. ಎಲ್ಲದರಲ್ಲೂ ಒಂದೇ ಪೈಥಾನ್, ಒಂದೇ ಲೈಬ್ರರಿಗಳು ಇರಬೇಕು. ಪ್ರತಿಯೊಂದರಲ್ಲೂ ಡೌನ್‌ಲೋಡ್ ಮಾಡುತ್ತಾ ಕೂತರೆ ದಿನ ಸಾಲದು. ಇವಲ್ಲದೆ ಇನ್ನೂ ವಿಂಡೋಸ್ 7 ಇರುವ ಕೆಲವು ಯಂತ್ರಗಳೂ ಇವೆ.
— ಲ್ಯಾಬ್ ಇನ್‌ಸ್ಟ್ರಕ್ಟರ್, ಚಿತ್ರದುರ್ಗ

ಉತ್ತರ: ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ. ಅದು 3142ನೇ ಪೋರ್ಟಿನಲ್ಲಿ ಕೂತು, ಒಮ್ಮೆ ಇಳಿಸಿದ ಪ್ಯಾಕೇಜನ್ನು ಉಳಿದ ಯಂತ್ರಗಳಿಗೆ ಲ್ಯಾಬಿನ ಒಳಗಿಂದಲೇ ಹಂಚುತ್ತದೆ. ಉಳಿದ 29 ಯಂತ್ರಗಳಲ್ಲಿ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/ ಒಳಗೆ ಒಂದು ಫೈಲ್ ಮಾಡಿ ಈ ಎರಡು ಸಾಲು ಬರೆಯಿರಿ. ಅಕ್ವೈರ್, ಪ್ರಾಕ್ಸಿ ಪದಗಳ ಮೊದಲಕ್ಷರ ದೊಡ್ಡದು, ಡೈರೆಕ್ಟ್ ಪೂರ್ತಿ ದೊಡ್ಡಕ್ಷರ, ಕೊನೆಯ ಅರ್ಧವಿರಾಮ ಬಿಡಬಾರದು:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.10:3142";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಡೈರೆಕ್ಟ್";

ಸಂಖ್ಯೆ ನಿಮ್ಮ ಕ್ಯಾಶ್ ಯಂತ್ರದ್ದಾಗಿರಲಿ, ಅದು ಬದಲಾಗದಂತೆ ಸ್ಥಿರವಾಗಿ ಕೊಡಿ. ಎರಡನೆಯ ಸಾಲು ಇಲ್ಲದಿದ್ದರೆ ಎಚ್‌ಟಿಟಿಪಿಎಸ್ ಮೂಲಕ ಬರುವ ಪಿಪಿಎಗಳು 403 ದೋಷ ಕೊಟ್ಟು ನಿಲ್ಲುತ್ತವೆ, ಕ್ಯಾಶರ್ ಅವುಗಳನ್ನು ಬಿಡುವುದಿಲ್ಲ. ಹಾಗಾದರೆ ಡೆಡ್‌ಸ್ನೇಕ್ಸ್‌ನ ಪೈಥಾನ್ ಹಂಚುವುದು ಹೇಗೆ? ಪಿಪಿಎ ಸೇರಿಸಿದ, ಆದರೆ ಪೈಥಾನ್ ಇನ್ನೂ ಹಾಕದ ಒಂದು ಯಂತ್ರದಲ್ಲಿ ‘ಸುಡೊ ಆಪ್ಟ್-ಗೆಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಪೈಥಾನ್3.11 ಪೈಥಾನ್3.11-ವೆನ್ವ್’ ಕೊಡಿ. ಡೆಬ್ ಫೈಲುಗಳು (ಉಬುಂಟುವಿನ ಪ್ಯಾಕೇಜುಗಳು) /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗೆ ಸಿಗುತ್ತವೆ. ಅವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆ ಫೋಲ್ಡರಿನಲ್ಲಿ ನಿಂತು ‘ಸುಡೊ ಆಪ್ಟ್ ಇನ್‌ಸ್ಟಾಲ್ ./*.ಡೆಬ್’ ಎಂದರೆ ಮುಗಿಯಿತು.

ಲೈಬ್ರರಿಗಳಿಗೂ ಇದೇ ಬಗೆ. ಒಂದು ಯಂತ್ರದಲ್ಲಿ ‘ಪೈಥಾನ್ -ಎಂ ಪಿಪ್ ಡೌನ್‌ಲೋಡ್ --ಓನ್ಲಿ-ಬೈನರಿ=:ಆಲ್: -ಡಿ ಪೊಟ್ಟಣ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’, ಉಳಿದವುಗಳಲ್ಲಿ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಪೊಟ್ಟಣ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’. ‘ಪೊಟ್ಟಣ’ ಎಂಬುದು ಫೋಲ್ಡರಿನ ಹೆಸರು, ನಿಮಗಿಷ್ಟದ್ದನ್ನು ಇಡಿ. ಇಳಿಸುವ ಯಂತ್ರದ ಓಎಸ್ ಮತ್ತು ಪೈಥಾನ್ ಆವೃತ್ತಿ ಹಾಕುವ ಯಂತ್ರಗಳದ್ದೇ ಆಗಿರಬೇಕು. ಫೈಲಿನ ಹೆಸರಿನಲ್ಲಿ ‘ಸಿಪಿ311-ಸಿಪಿ311’ ಎಂದಿದ್ದರೆ ಅದು 3.11ಕ್ಕೆ ಮಾತ್ರ, 3.12ರಲ್ಲಿ ಹಿಡಿಯುವುದಿಲ್ಲ.

ವಿಂಡೋಸ್ 7ಕ್ಕೆ ಪೈಥಾನ್ 3.8 ಆವೃತ್ತಿಯೇ ಕೊನೆ. 3.9 ಓಡಿಸಲು ಹೊರಟರೆ ‘ಎಪಿಐ-ಎಂಎಸ್-ವಿನ್’ ಎಂದು ಶುರುವಾಗುವ ಡಿಎಲ್‌ಎಲ್ ಇಲ್ಲವೆಂದು ಹೇಳುತ್ತದೆ. ಆ ಡಿಎಲ್‌ಎಲ್ಲನ್ನು ಎಲ್ಲಿಂದಲೋ ತಂದು ಹಾಕಬೇಡಿ. 3.8ಕ್ಕೆ ಸುರಕ್ಷತಾ ತಿದ್ದುಪಡಿಗಳೂ 2024ಕ್ಕೆ ನಿಂತಿವೆ. ಆ ಯಂತ್ರಗಳಿಗೂ ಉಬುಂಟು ಹಾಕುವುದೇ ಮಕ್ಕಳಿಗೆ ಒಳ್ಳೆಯದು.

ಪ್ರಶ್ನೆ: ಹರಿಹರದಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತೇನೆ. ಎಂ1 ಮ್ಯಾಕ್. ಹೋಮ್‌ಬ್ರೂನಲ್ಲಿ (ಮ್ಯಾಕ್‌ಗೆ ಪ್ಯಾಕೇಜು ಹಾಕುವ ಉಪಕರಣ) ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮು) ಹಾಕಿದ್ದೆ. ಇನ್ನೇನನ್ನೋ ಹಾಕುವಾಗ ನೋಡ್ ತಾನಾಗಿ ಮೇಲಿನ ವರ್ಷನ್‌ಗೆ ಹೋಯಿತು. ಈಗ ಹಳೆಯ ಪ್ರಾಜೆಕ್ಟ್ ‘0308010ಸಿ ಡಿಜಿಟಲ್ ಎನ್ವಲಪ್’ ಎಂದು ನಿಲ್ಲುತ್ತದೆ.
— ಸಾಫ್ಟ್‌ವೇರ್ ಉದ್ಯೋಗಿ, ಹರಿಹರ

ಉತ್ತರ: ಹೋಮ್‌ಬ್ರೂನಲ್ಲಿ ಬರೀ ‘ನೋಡ್’ ಎಂದರೆ ‘ಯಾವಾಗಲೂ ಇತ್ತೀಚಿನದು’ ಎಂದರ್ಥ. ಬೇರೆ ಪ್ಯಾಕೇಜಿಗೆ ಅದು ಬೇಕಾದರೆ ನಿಮ್ಮನ್ನು ಕೇಳದೆಯೇ ಮೇಲೇರುತ್ತದೆ. ‘ನೋಡ್@20’ ಎಂಬಂಥ ಆವೃತ್ತಿ ಹೆಸರಿನ ಪ್ಯಾಕೇಜುಗಳೂ ಇವೆ, ಅವು ತಾವಾಗಿ ಪಾತಿಗೆ ಸೇರುವುದಿಲ್ಲ. ಪ್ರಾಜೆಕ್ಟಿಗೊಂದು ನೋಡ್ ಬೇಕಾದವರಿಗೆ ಹೋಮ್‌ಬ್ರೂ ಸರಿಯಾದ ಜಾಗವಲ್ಲ. ‘ಬ್ರೂ ಅನ್‌ಇನ್‌ಸ್ಟಾಲ್ ನೋಡ್’ ಮಾಡಿ, ನೋಡ್ ಆವೃತ್ತಿಗಳನ್ನು ನಿಭಾಯಿಸುವ ಎನ್‌ವಿಎಂ ಅನ್ನು ಅದರದ್ದೇ ಇನ್‌ಸ್ಟಾಲ್ ಸ್ಕ್ರಿಪ್ಟಿನಿಂದ ಹಾಕಿ. ಹೋಮ್‌ಬ್ರೂ ಮೂಲಕ ಹಾಕಿದ ಎನ್‌ವಿಎಂಗೆ ಅದನ್ನು ಬರೆದವರೇ ಬೆಂಬಲ ಕೊಡುವುದಿಲ್ಲ. ಹಾಕಿದ ಮೇಲೆ ಹೊಸ ಟರ್ಮಿನಲ್ ತೆರೆದು ‘ಕಮ್ಯಾಂಡ್ -ವಿ ಎನ್‌ವಿಎಂ’ ಕೊಡಿ. ‘ವಿಚ್ ಎನ್‌ವಿಎಂ’ ನಂಬಬೇಡಿ, ಎನ್‌ವಿಎಂ ಒಂದು ಫೈಲಲ್ಲ, ಶೆಲ್ಲಿನೊಳಗಿನ ಫಂಕ್ಷನ್ನು.

ನಿಮ್ಮ ದೋಷದ ಮೂಲ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ. ನೋಡ್ 17ರಿಂದ ಓಪನ್‌ಎಸ್‌ಎಸ್‌ಎಲ್ 3 ಬಂತು. ಪ್ರಾಜೆಕ್ಟಿನ ಕೋಡನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್‌ನ 4ನೇ ಆವೃತ್ತಿ ಬಳಸುವ ಹಳೆಯ ಹ್ಯಾಶ್ ವಿಧಾನವನ್ನು ಅದು ಒಪ್ಪುವುದಿಲ್ಲ. ‘--ಓಪನ್‌ಎಸ್‌ಎಸ್‌ಎಲ್-ಲೆಗಸಿ-ಪ್ರೊವೈಡರ್’ ಎಂಬ ಆಯ್ಕೆ ಕೊಟ್ಟು ದಾಟಬಹುದು, ಆದರೆ ವೆಬ್‌ಪ್ಯಾಕ್ 5ಕ್ಕೆ ಹೋಗುವವರೆಗೆ ಆ ಪ್ರಾಜೆಕ್ಟನ್ನು ನೋಡ್ 16ರಲ್ಲಿ ಓಡಿಸುವುದು ಹೆಚ್ಚು ಶುದ್ಧ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘.ಎನ್‌ವಿಎಂಆರ್‌ಸಿ’ ಎಂಬ ಫೈಲಿನಲ್ಲಿ 16 ಎಂದಷ್ಟೇ ಬರೆದು ‘ಎನ್‌ವಿಎಂ ಇನ್‌ಸ್ಟಾಲ್’ ಕೊಡಿ. ಆಮೇಲೆ ‘ನೋಡ್_ಮಾಡ್ಯೂಲ್ಸ್’ ಫೋಲ್ಡರ್ ಪೂರ್ತಿ ಅಳಿಸಿ ‘ಎನ್‌ಪಿಎಂ ಸಿಐ’ ಮಾಡಿ. ಅದರೊಳಗಿನ ಕೆಲವು ಪ್ಯಾಕೇಜುಗಳು ನೋಡ್ ಆವೃತ್ತಿಗೆ ತಕ್ಕಂತೆ ಕಂಪೈಲ್ ಆಗಿರುತ್ತವೆ. ಅಳಿಸದಿದ್ದರೆ ‘ನೋಡ್_ಮಾಡ್ಯೂಲ್_ವರ್ಷನ್ 115, ಬೇಕಾದದ್ದು 93’ ಎಂಬ ಬಗೆಯ ದೋಷ ಕಾಣುತ್ತದೆ; 93 ನೋಡ್ 16, 108 ನೋಡ್ 18, 115 ನೋಡ್ 20, 127 ನೋಡ್ 22.

ನೋಡ್ 14 ಬೇಕಾಗುವ ಪ್ರಾಜೆಕ್ಟ್ ಬಂದರೆ, ಆ್ಯಪಲ್ ಚಿಪ್ಪಿಗೆ ಅದರ ಸಿದ್ಧ ಕಟ್ಟು ಇಲ್ಲ. ‘ಆರ್ಚ್ -ಎಕ್ಸ್86_64 ಜೆಡ್‌ಶೆಲ್’ ಎಂದು (ಜೆಡ್‌ಶೆಲ್ ಎಂದರೆ ಜೆಡ್, ಎಸ್, ಎಚ್ ಮೂರಕ್ಷರ) ಇಂಟೆಲ್ ರೂಪದ ಶೆಲ್ ತೆರೆದು, ಅದರೊಳಗೆ ‘ಎನ್‌ವಿಎಂ ಇನ್‌ಸ್ಟಾಲ್ 14’ ಕೊಡಿ. ಇಂಟೆಲ್ ಪ್ರೋಗ್ರಾಮುಗಳನ್ನು ಆ್ಯಪಲ್ ಚಿಪ್ಪಿನಲ್ಲಿ ಓಡಿಸುವ ರೊಸೆಟ್ಟಾ ಮೊದಲೇ ಹಾಕಿರಬೇಕು. ‘-ಜಿ’ ಹಾಕಿ ಸೇರಿಸಿದ ಗ್ಲೋಬಲ್ ಪ್ಯಾಕೇಜುಗಳು ಪ್ರತಿ ನೋಡ್‌ಗೂ ಬೇರೆ ಬೇರೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಪೈಎನ್ವ್ (ಪೈಥಾನ್ ಆವೃತ್ತಿಗಳನ್ನು ನಿಭಾಯಿಸುವ ಉಪಕರಣ) ಮೂಲಕ ಪೈಥಾನ್ 3.11.9 ಹಾಕಿದೆ. ಬಹಳ ಹೊತ್ತು ಕಂಪೈಲ್ ಆಯಿತು. ಪಿಪ್ ಓಡಿಸಿದರೆ ‘ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲ’ ಎನ್ನುತ್ತದೆ.
— ಓದುಗರು, ಜಗಳೂರು

ಉತ್ತರ: ಪೈಎನ್ವ್ ಪೈಥಾನನ್ನು ಮೂಲ ಕೋಡಿನಿಂದ ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟುತ್ತದೆ. ಕಟ್ಟುವಾಗ ಬೇಕಾದ ಲೈಬ್ರರಿ ಇಲ್ಲದಿದ್ದರೆ ಆ ಭಾಗ ಸೇರುವುದಿಲ್ಲ. ಎಸ್‌ಎಸ್‌ಎಲ್‌ಗೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’, ಸಿಟೈಪ್ಸ್‌ಗೆ ‘ಲಿಬ್‌ಎಫ್‌ಎಫ್‌ಐ-ಡೆವ್’, ಎಸ್‌ಕ್ಯೂಲೈಟ್‌ಗೆ ‘ಲಿಬ್‌ಎಸ್‌ಕ್ಯೂಲೈಟ್3-ಡೆವ್’, ಟಿಕಿಂಟರ್‌ಗೆ ‘ಟಿಕೆ-ಡೆವ್’ ಬೇಕು. ಇವುಗಳ ಜೊತೆ ‘ಬಿಲ್ಡ್-ಎಸೆನ್ಷಿಯಲ್’, ‘ಜೆಡ್‌ಲಿಬ್1ಜಿ-ಡೆವ್’, ‘ಲಿಬ್‌ಬಿಝೆಡ್2-ಡೆವ್’, ‘ಲಿಬ್‌ರೀಡ್‌ಲೈನ್-ಡೆವ್’, ‘ಲಿಬ್‌ಎಲ್‌ಜೆಡ್‌ಎಂಎ-ಡೆವ್’ ಎಲ್ಲವನ್ನೂ ಒಟ್ಟಿಗೆ ಆಪ್ಟ್‌ನಿಂದ ಹಾಕಿಬಿಡಿ. ಬರೀ ಹಾಕಿದರೆ ಹಳೆಯ ಕಟ್ಟು ಸರಿಹೋಗುವುದಿಲ್ಲ, ‘ಪೈಎನ್ವ್ ಇನ್‌ಸ್ಟಾಲ್ --ಫೋರ್ಸ್ 3.11.9’ ಎಂದು ಮತ್ತೆ ಕಟ್ಟಬೇಕು. ಕರೆಂಟ್ ಇರುವ ಹೊತ್ತಿನಲ್ಲಿ, ಚಾರ್ಜರ್ ಹಾಕಿಕೊಂಡು ಮಾಡಿ.

ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ನಮ್ಮ ಸಲಹೆ ಯುವಿ ಎಂಬ ಉಪಕರಣ. ‘ಯುವಿ ಪೈಥಾನ್ ಇನ್‌ಸ್ಟಾಲ್ 3.11’ ಎಂದರೆ ಕಟ್ಟಿ ಸಿದ್ಧವಾದ ಪೈಥಾನನ್ನೇ ಇಳಿಸುತ್ತದೆ, ಕಂಪೈಲ್ ಇಲ್ಲ. ‘ಯುವಿ ವೆನ್ವ್ --ಪೈಥಾನ್ 3.11’ ವೆನ್ವ್ ಮಾಡಿಕೊಡುತ್ತದೆ.

ಪ್ರಶ್ನೆ: ಪೈಥಾನಿಗೊಂದು, ನೋಡ್‌ಗೊಂದು, ಜಾವಾಕ್ಕೊಂದು ಉಪಕರಣ ಕಲಿಯುವ ಬದಲು ಎಲ್ಲಕ್ಕೂ ಒಂದೇ ಇಲ್ಲವೇ?
— ಎಂಸಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇದೆ. ಲಿನಕ್ಸ್, ಮ್ಯಾಕ್‌ನಲ್ಲಿ ‘ಮೀಸ್’ (ಎಂ, ಐ, ಎಸ್, ಇ) ಬಳಸಿ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಮೀಸ್ ಯೂಸ್ ನೋಡ್@20 ಪೈಥಾನ್@3.11 ಜಾವಾ@17’ ಎಂದರೆ ಮೂರನ್ನೂ ತಂದು, ಅಲ್ಲೇ ‘ಮೀಸ್.ಟಾಮಲ್’ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಕೋಡಿನ ಜೊತೆ ಗಿಟ್‌ಗೆ ಸೇರಿಸಿದರೆ ತಂಡದವರು ‘ಮೀಸ್ ಇನ್‌ಸ್ಟಾಲ್’ ಒಂದನ್ನೇ ಕೊಟ್ಟರೆ ಸಾಕು. ಒಂದೇ ಭಾಷೆಯ ಕೆಲಸವಾದರೆ ಆ ಭಾಷೆಯದ್ದೇ ಉಪಕರಣ ಕಲಿಯಿರಿ, ದೋಷ ಬಂದಾಗ ಉತ್ತರ ಬೇಗ ಸಿಗುತ್ತದೆ. ಮೀಸ್‌ಗೆ ಬರುವುದಾದರೆ ಶೆಲ್ಲಿನ ಫೈಲಿನಲ್ಲಿರುವ ಪೈಎನ್ವ್, ಎನ್‌ವಿಎಂ ಸಾಲುಗಳನ್ನು ಮೊದಲು ತೆಗೆಯಿರಿ. ಎರಡೂ ಇದ್ದರೆ ಪಾತ್‌ನಲ್ಲಿ ಮುಂದಿರುವುದು ಗೆಲ್ಲುತ್ತದೆ, ಮತ್ತು ಅದು ಯಾವುದೆಂದು ‘ವಿಚ್ -ಎ ಪೈಥಾನ್’ ಕೊಟ್ಟು ನೋಡುವವರೆಗೆ ತಿಳಿಯುವುದಿಲ್ಲ.